ಟಿಕಳಿಯ ಕೆಳಗಿನ ಬೀಗ

“ಏಳನೇ ಇಯತ್ತೆಗೆ ಸಾಲಿ ಬಿಟ್ಟಾಂವನ ಕೈಯಾಗ ಊರಿನ ಬಾಗಲಾ ಕೊಟ್ಟು ಕುಂತೇವಿ. ತಪ್ಪು ನಮ್ದು, ಅವಂದಲ್ಲ,” ಎಂದರು ಅಂದಾನೆಪ್ಪನವರು. ಮಾತು ನನ್ನ ಬಗ್ಗೆ, ಮುಖ ಮಾತ್ರ ಜನರ ಕಡೆ. ಚಾವಡಿ ತುಂಬಿತ್ತು. ಸುಣ್ಣದ ಗೋಡೆಯ ಮೇಲೆ ಬೆಳಕಿನಲ್ಲಿ ಮೂಡಿದ ದೊಡ್ಡ ಪರದೆಯಲ್ಲಿ ಆಚೆ ದಂಡೆಯವರೂ ಚೌಕ ಚೌಕವಾಗಿ ಕೂತಿದ್ದರು. ಹಾಗಾಗಿ ಬೈಗುಳ ಎರಡೂ ದಂಡೆಗೆ ಒಟ್ಟಿಗೇ ಮುಟ್ಟಿತು.

“ನಾಯಿ ಸೈತ ಬಾಗಲಾ ಕಾಯತೈತಿ. ಇಂವ ಬಾಗಲಾ ತಗದಿಟ್ಟು ಹೊಸ್ತಲಮ್ಯಾಲ ಮಕ್ಕೊಂಡಾನ.”

ಯಾರೋ ನಕ್ಕರು. ನಾನು ಮೂಲೆಯ ಕಂಪ್ಯೂಟರ್ ಪಕ್ಕ ನಿಂತಿದ್ದೆ. ನಾಯಿ ಎಂದದ್ದನ್ನು ನುಂಗಿಕೊಂಡೆ. ಊರ ಸಮಿತಿಯ ಅಧ್ಯಕ್ಷರು, ವಯಸ್ಸಾದವರು, ಮೇಲಾಗಿ ಆ ವಾರ ಅವರ ಮನೆಯಲ್ಲಿ ಆದದ್ದು ಎಲ್ಲರಿಗೂ ಗೊತ್ತಿತ್ತು. ಅಲ್ಲಿಗೇ ನಿಲ್ಲಿಸಿದ್ದರೆ ನಾನೂ ತಲೆ ಬಗ್ಗಿಸಿಕೊಂಡು ಮನೆಗೆ ಹೋಗುತ್ತಿದ್ದೆ. ಅವರು ನಿಲ್ಲಿಸಲಿಲ್ಲ.

“ಇವನ ಅಕ್ಕ ಆಚಿ ದಂಡಿಗೆ ಹೋಗಿ ಎಷ್ಟ ವರ್ಷ ಆತು? ಒಂದ ದಿನಾ ಇವನ ಹೆಸರ ಹಿಡದು ಕರದಾಳೇನು, ಕೇಳ್ರಿ. ಸ್ವಂತ ಅಕ್ಕಗ ಬ್ಯಾಡಾದಾಂವ ಊರಿಗೆ ಯಾಕ ಬೇಕು?”

ಈ ಸಲ ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ನಮ್ಮೂರಲ್ಲಿ ಜನ ಹಾಗೆ ಹೋಗುತ್ತಾರೆ. ಇಲ್ಲಿ ಮಲಗಿದವರು ಹೊಳೆಯ ಆಚೆ ದಂಡೆಯಲ್ಲಿ ಏಳುತ್ತಾರೆ. ಹಾಸಿಗೆ ಇನ್ನೂ ಬೆಚ್ಚಗಿರುತ್ತದೆ, ಚಪ್ಪಲಿ ಬಾಗಿಲಲ್ಲೇ ಇರುತ್ತವೆ. ಕರೆತರುತ್ತೇವೆಂದು ಹರಿಗೋಲು ಹತ್ತಿ ಹೊರಟರೆ ಎಷ್ಟು ಹುಟ್ಟು ಹಾಕಿದರೂ ಅದು ತಿರುಗಿ ಈ ದಂಡೆಗೇ ಬರುತ್ತದೆ. ನಮ್ಮಜ್ಜನ ಕಾಲದವರು ತೋಳು ಬಿದ್ದು ಹೋಗುವ ತನಕ ಪ್ರಯತ್ನ ಮಾಡಿ ಕಡೆಗೆ ಹರಿಗೋಲುಗಳನ್ನು ಬೋರಲು ಹಾಕಿ ಕೋಳಿ ಮುಚ್ಚುವುದಕ್ಕೆ ಇಟ್ಟುಕೊಂಡರು. ಈಗಲೂ ಹಿತ್ತಲುಗಳಲ್ಲಿ ಇವೆ. ಆಮೇಲೆ ಪರದೆ ಬಂತು, ಬದುಕು ಒಂದು ಹದಕ್ಕೆ ಬಂತು. ಪ್ರತಿ ಮನೆಗೂ ಪರದೆಯಲ್ಲಿ ಒಂದು ಕೋಣೆ. ಅಡುಗೆಮನೆ ಗೂಡಿನಲ್ಲಿ ಫೋನು ನಿಲ್ಲಿಸಿಟ್ಟರೆ ಇಡೀ ದಿನ ತೆರೆದೇ ಇರುತ್ತದೆ. ಆಚೆ ದಂಡೆಯ ಅತ್ತೆ ಅಲ್ಲಿಂದಲೇ ಸೊಸೆಯ ಸಾರಿಗೆ ಹೆಸರಿಡುತ್ತಾಳೆ. ಅಪ್ಪಂದಿರು ಅಲ್ಲಿ ಕೂತು ಇಲ್ಲಿಯ ಮಗನ ಪಾಠ ಒಪ್ಪಿಸಿಕೊಳ್ಳುತ್ತಾರೆ. ಜಗಳ, ತೊಟ್ಟಿಲು, ಮದುವೆ ಮಾತು ಎಲ್ಲಾ ಅದರಲ್ಲೇ.

ಕೆಲವರು ಮಾತ್ರ ಹೋದವರು ಹೋದಂತೆಯೇ ಸುಮ್ಮನಾಗಿಬಿಡುತ್ತಾರೆ. ಪರದೆಗೆ ಬರುವುದಿಲ್ಲ, ಬೇರೆಯವರ ಕೈಯಲ್ಲೂ ಒಂದು ಮಾತು ಹೇಳಿ ಕಳಿಸುವುದಿಲ್ಲ. ಯಾಕೆಂದು ಅಲ್ಲಿಯವರಿಗೂ ಗೊತ್ತಿಲ್ಲ. ನನ್ನ ಅಕ್ಕ ಫಕೀರವ್ವ ಹಾಗೆ ಸುಮ್ಮನಾದವಳು. ಅವ್ವ ಸತ್ತ ಮೇಲೆ ನನ್ನನ್ನು ಸಾಕಿದ್ದೇ ಅವಳು. ಅವಳು ಹೋದ ದಿನ ಒಲೆಯ ಮೇಲೆ ಹಂಚು ಹಾಗೇ ಇತ್ತು, ಹಿಟ್ಟು ನಾದಿ ಮುಚ್ಚಿಟ್ಟಿದ್ದಳು. ಆ ಹಿಟ್ಟು ಹುಳಿ ಬಂದು ಹೊರಗೆ ಚೆಲ್ಲಿದ ದಿನವೇ ನಾನು ಸಾಲಿ ಬಿಟ್ಟೆ. ಮಾಸ್ತರರು ಮನೆಗೆ ಬಂದು ಬುದ್ಧಿ ಹೇಳಿದರು, ಅವರಿಗೆ ಒಂದು ರೊಟ್ಟಿ ಮಾಡಿ ಹಾಕಲು ಬರುತ್ತಿತ್ತೇ? ಇಲ್ಲ. ಬುದ್ಧಿ ಹೇಳುವವರಿಗೆ ಬುದ್ಧಿಯೊಂದು ಬಿಟ್ಟು ಕೊಡುವುದಕ್ಕೆ ಬೇರೇನೂ ಇರುವುದಿಲ್ಲ.

ಕೇಬಲ್ ಎಳೆಯುವ ಕೆಲಸಕ್ಕೆ ಸೇರಿದೆ. ಪರದೆಯ ಸರ್ವರ್ ನೋಡಿಕೊಳ್ಳುತ್ತಿದ್ದವನು ಒಂದು ದಿನ ಆಚೆ ದಂಡೆಯಲ್ಲಿ ಎದ್ದ. ಅವನ ಖುರ್ಚಿಯಲ್ಲಿ ನನ್ನನ್ನು ಕೂರಿಸಿದರು. ಹೇಗೆ ನಡೆಸಬೇಕೆಂದು ಅವನು ಅಲ್ಲಿಂದಲೇ ಹೇಳಿಕೊಟ್ಟ. ಹೊಸ ಮನೆಗೆ ಕೋಣೆ ಮಾಡಿಕೊಡುವುದು, ಧ್ವನಿ ಕಟ್ ಆದರೆ ನೋಡುವುದು, ಇಷ್ಟೇ ಕೆಲಸ. ಪಾಸ್‌ವರ್ಡ್ ಇಡುವ ಕೆಲಸ ಇರಲೇ ಇಲ್ಲ. ನಮ್ಮಲ್ಲಿ ಬಾಗಿಲಿಗೆ ಬೀಗ ಬೀಳುವುದು ಮನೆಯಲ್ಲಿ ಸಾವಾದಾಗ. ಹೆಣ ಎತ್ತಿದ ಮೇಲೆ ಬೀಗ ಹಾಕುತ್ತಾರೆ, ದಿನಕರ್ಮ ಮುಗಿಸಿ ತೆಗೆಯುತ್ತಾರೆ. ಬೇರೆ ಯಾವತ್ತೂ ಬೀಗವಿಲ್ಲ, ಕದವನ್ನು ಸುಮ್ಮನೆ ಮುಂದಕ್ಕೆ ಎಳೆದಿರುತ್ತಾರೆ ಅಷ್ಟೇ. ಆಚೆ ದಂಡೆಗೆ ಹೋದವರು ಸತ್ತವರಲ್ಲ. ಅವರಿದ್ದ ಮನೆಗೆ ಬೀಗ ಹಾಕಿದರೆ ನಾವೇ ಕೊಂದಂತೆ. ವಾಸದ ಮನೆಗೇ ಇಲ್ಲದ ಬೀಗವನ್ನು ಪರದೆಯ ಕೋಣೆಗೆ ಯಾರು ಹಾಕಿಸಿಕೊಂಡಾರು? ಇಡೀ ಸರ್ವರಿನ ಅಡ್ಮಿನ್ ಪಾಸ್‌ವರ್ಡ್ ಕೂಡ ಡಬ್ಬಿಯಲ್ಲಿ ಬಂದಾಗ ಏನಿತ್ತೋ ಅದೇ ಇತ್ತು.

ಅಂಥ ತೆರೆದ ಕೋಣೆಗಳಿಗೆ ಒಬ್ಬರು ಬರುತ್ತಿದ್ದರು. ಮುಖ ಇಲ್ಲ, ಧ್ವನಿ ಇಲ್ಲ. ಮೂಲೆಯಲ್ಲಿ ಒಂದು ಕಪ್ಪು ಚೌಕ, ಅದರ ಕೆಳಗೆ ತಂತ್ರಾಂಶ ತಾನಾಗಿಯೇ ಬರೆದುಕೊಂಡ ‘ಅತಿಥಿ’ ಎಂಬ ಹೆಸರು. ಇವತ್ತು ಈ ಮನೆ, ನಾಳೆ ಆ ಮನೆ. ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದರು. ಮೊದಮೊದಲು ಜನ ಹೆದರಿದರು, ಆಮೇಲೆ ರೂಢಿಯಾಯಿತು. ಮಿರ್ಚಿ ಅಂಗಡಿಯ ಬೀಬಿಜಾನ್ ಚಾಚಿ ಕಪ್ಪು ಚೌಕ ಬಂದ ಕೂಡಲೇ ಫೋನಿನ ಮುಂದೆ ಒಂದು ಕಪ್ ಚಹಾ ಇಡುತ್ತಿದ್ದಳು, ಸಕ್ಕರೆ ಇಲ್ಲದ್ದು. ಆಕೆಯ ಗಂಡ ದಸ್ತಗೀರ್ ಚಾಚಾ ಆಚೆ ದಂಡೆಯಲ್ಲಿ ಸುಮ್ಮನಾದವನು, ಅವನಿಗೆ ಸಕ್ಕರೆ ರೋಗವಿತ್ತು. ನಾನು ಉಣ್ಣುವ ಹೊತ್ತಿಗೆ ಅದು ನಮ್ಮನೆಗೆ ಬಂದರೆ ರೊಟ್ಟಿಯ ತಾಟನ್ನು ಫೋನಿನ ಎದುರಿಗೇ ತಂದುಕೊಂಡು ಉಣ್ಣುತ್ತಿದ್ದೆ. ಅಕ್ಕ ಉಣ್ಣುವಾಗ ಮಾತಾಡುತ್ತಿರಲಿಲ್ಲ, ನನಗೂ ಬಿಡುತ್ತಿರಲಿಲ್ಲ. ಹಾಗಾಗಿ ಆ ಮೌನ ನನಗೆ ಸರಿಯಾಗಿಯೇ ಕಂಡಿತು. ಊರಲ್ಲಿ ಸುಮ್ಮನಾದವರಿದ್ದ ಮನೆಗಳೆಲ್ಲ ಆ ಚೌಕವನ್ನು ತಮ್ಮವರೆಂದೇ ಇಟ್ಟುಕೊಂಡಿದ್ದವು. ನಿನ್ನ ಅಕ್ಕ ನಮ್ಮ ಮನೆಯಲ್ಲಿ ಏನು ಮಾಡುತ್ತಾಳೆ ಎಂದು ಚಾಚಿ ನನ್ನನ್ನು ಕೇಳಲಿಲ್ಲ. ಚಾಚಾ ನಮ್ಮನೆಗೆ ಯಾಕೆ ಬರುತ್ತಾನೆ ಎಂದು ನಾನೂ ಕೇಳಲಿಲ್ಲ.

ಅಂದಾನೆಪ್ಪನವರ ಹೆಂಡತಿ ನೀಲಮ್ಮನೂ ಸುಮ್ಮನಾದವರಲ್ಲಿ ಒಬ್ಬಳು. ಅವರು ಮಾತ್ರ, “ನಮ್ಮನಿಗೆ ಅಂಥಾವು ಯಾವೂ ಬರೂದಿಲ್ಲ,” ಎನ್ನುತ್ತಿದ್ದರು.

ತಂತ್ರಾಂಶದ ಕಂಪನಿ ನಮ್ಮ ಹೊಳೆ ಕಾಣದ ಯಾವುದೋ ದೂರದ ಊರಿನದು. ಅಲ್ಲಿಂದ ಕೆಂಪು ಅಕ್ಷರದಲ್ಲಿ ಸೂಚನೆ ಬರುತ್ತಿತ್ತು. ನಿಮ್ಮದು ಹಳೇ ಆವೃತ್ತಿ. ಅದರಲ್ಲಿ ತೂತು ಇದೆ. ಕೋಣೆಯ ನಂಬರು ತಿಳಿದವರು ಯಾರಾದರೂ ಹೆಸರು ಹೇಳದೆ ಒಳಗೆ ಬರಬಹುದು. ಹೊಸ ಆವೃತ್ತಿ ಕೂಡಲೇ ಹಾಕಿರಿ. ಕೆಳಗೆ ಎರಡು ಗುಂಡಿ: ‘ಈಗ’, ‘ಆಮೇಲೆ’. ನಾನು ಪ್ರತಿ ಸಲವೂ ಆಮೇಲೆ ಒತ್ತುತ್ತಿದ್ದೆ. ಓದು ಬಾರದೆ ಅಲ್ಲ. ಆ ತೂತಿನಿಂದಲೇ ಅಕ್ಕ ಬರುತ್ತಿದ್ದಾಳೆ ಎಂದು ಗೊತ್ತಿದ್ದೇ ಒತ್ತುತ್ತಿದ್ದೆ.

ಆ ತೂತಿನಿಂದ ಬೇರೊಬ್ಬರೂ ಬಂದರು. ಅಂದಾನೆಪ್ಪನವರ ಮಗಳು ಶಶಿಕಲಾಗೆ ಹೊರಗಿನ ಊರಿನ ಗಂಡು ಗೊತ್ತಾಗಿತ್ತು. ಹುಡುಗಿಗೆ ಚಿಕ್ಕಂದಿನಲ್ಲಿ ಮೂರ್ಛೆ ಬರುತ್ತಿತ್ತು, ಔಷಧ ಇನ್ನೂ ನಡೆದಿತ್ತು. ಆ ಔಷಧದ ಬಗ್ಗೆ ಮನೆಯವರು ಆಚೆ ದಂಡೆಯ ಸೋದರತ್ತೆಯೊಂದಿಗೆ ಮಾತಾಡಿಕೊಂಡದ್ದನ್ನು ಗಂಡಿನ ಕಡೆಯವರು ಯಾರೋ ಅವರ ಕೋಣೆಗೆ ನುಗ್ಗಿ ಕೂತು ಪೂರ್ತಿ ಕೇಳಿಸಿಕೊಂಡರು. ಮರುದಿನ ಸಂಬಂಧ ಮುರಿಯಿತು. ಮುರಿದವರು ಸುಮ್ಮನೆ ಹೋಗದೆ, ಹುಡುಗಿ ಹೇಗೆ ಬೀಳುತ್ತಾಳೆಂದು ಊರೂರಲ್ಲಿ ಮಾಡಿ ತೋರಿಸಿದರು. ಶಶಿಕಲಾ ಬಾವಿಗೆ ನೀರಿಗೂ ಬರುವುದನ್ನು ಬಿಟ್ಟಳು. ಅದಕ್ಕೇ ಆ ಸಭೆ, ಅದಕ್ಕೇ ಆ ಬೈಗುಳ. ಅಂದಾನೆಪ್ಪನವರು ಅಂದದ್ದರಲ್ಲಿ ಸುಳ್ಳಿರಲಿಲ್ಲ. ನನ್ನ ಸಿಟ್ಟಿಗೆ ಅದೂ ಒಂದು ಕಾರಣ.

ಆದರೆ ಅಕ್ಕನ ಮಾತು ಎತ್ತಬಾರದಿತ್ತು. ಪರದೆಯ ಮೂಲೆಯಲ್ಲಿ ಕಪ್ಪು ಚೌಕ ಆಗಲೂ ಕೂತಿತ್ತು. ಅದರ ಎದುರಿಗೇ ಅಂದರು.

“ಬಾಗಲಾ ಮುಚ್ಚಬೇಕು, ಹೌದಲ್ರಿ ಸಾವಕಾರ್ರ?” ಎಂದೆ.

“ಇಷ್ಟೊತ್ತು ನಾ ಏನ್ ಹಾಡಾ ಹಾಡಿದ್ನೇನು?”

“ಮುಚ್ಚತೇನ್ ತಗೋರಿ.”

“ಯಮನೂರಾ, ನಿಂದ್ರಪಾ,” ಎಂದಳು ಹೆಣ್ಣುಮಕ್ಕಳ ಸಾಲಿನಿಂದ ಬೀಬಿಜಾನ್ ಚಾಚಿ. “ನಾಳೆ ಮಾಡಿದ್ರ ಆಗೂದಿಲ್ಲೇನು? ಸಿಟ್ನ್ಯಾಗ ಬ್ಯಾಡ.”

ಸಿಟ್ಟಿನಲ್ಲೇ ‘ಈಗ’ ಒತ್ತಿದೆ.

ಗೋಡೆಯ ಮೇಲಿನ ಚೌಕಗಳೆಲ್ಲ ಒಮ್ಮೆಗೇ ಆರಿದವು. ನೀಲಿ ಗೆರೆಯೊಂದು ಎಡದಿಂದ ಬಲಕ್ಕೆ ತೆವಳತೊಡಗಿತು. ಗೆರೆ ತುಂಬಿದ ಮೇಲೆ ಹೊಸ ಪಾಸ್‌ವರ್ಡ್ ಕೇಳಿತು, ಇಟ್ಟೆ. ಆಮೇಲೆ ಕದ ತಟ್ಟಿದಂಥ ಸದ್ದು. ಹೊಸದರಲ್ಲಿ ಬಂದವರು ಮೊದಲು ಹೊರಗೆ ನಿಂತು ಹೆಸರು ಹೇಳಬೇಕು, ಒಳಗಿನವರು ಹ್ಞೂಂ ಎಂದರೆ ಮಾತ್ರ ಬರಬಹುದು. ಒಬ್ಬೊಬ್ಬರದೇ ಹೆಸರು ಓದಿ ಒಳಗೆ ಬಿಟ್ಟೆ. ಆಚೆ ದಂಡೆಯವರು ಗಾಬರಿಯಾಗಿದ್ದರು. “ಏನಾತ್ರಿ, ಏನಾತು? ಯಾರರೆ ಹೋದ್ರೇನು?” ಎಂದು ಕೇಳಿದರು. ಎಲ್ಲರೂ ಬಂದ ಮೇಲೆ ತಟ್ಟುವ ಸದ್ದು ನಿಂತಿತು. ಕಪ್ಪು ಚೌಕ ಕೂತಿದ್ದ ಮೂಲೆಯಲ್ಲಿ ಗೋಡೆಯ ಸುಣ್ಣ ಕಾಣುತ್ತಿತ್ತು.

“ಒಂದ ಕಮ್ಮಿ ಐತಲ್ಲೋ ಬೇಟಾ,” ಎಂದಳು ಚಾಚಿ.

ನಾನು ಉತ್ತರ ಕೊಡುವ ಮೊದಲೇ ಅಂದಾನೆಪ್ಪನವರು, “ಇರಲಿ, ಸಭಾ ನಡೀಲಿ,” ಎಂದರು. ಅನ್ನುವಾಗ ಅವರೂ ಆ ಮೂಲೆಯನ್ನೇ ನೋಡುತ್ತಿದ್ದರು. ಸಭೆ ನಡೆಯಲಿಲ್ಲ. ಜನ ಒಬ್ಬೊಬ್ಬರೇ ಎದ್ದು ಹೋದರು.

ಮರುದಿನ ಬೆಳಗ್ಗೆ ಊರು ಅಳುತ್ತಾ ಎದ್ದಿತು. ಹೊಸ ಆವೃತ್ತಿ ಪ್ರತಿ ಮನೆಯ ಹೆಸರಿನ ಪಕ್ಕ ಒಂದು ಪುಟ್ಟ ಬೀಗದ ಚಿತ್ರ ಇಟ್ಟಿತ್ತು. ಗೂಡಿನಲ್ಲಿ ಫೋನು ನೋಡಿದ ಹೆಂಗಸರು ಎದೆ ಎದೆ ಬಡಿದುಕೊಂಡು ಓಣಿಗೆ ಬಂದರು. ತಮ್ಮ ಮನೆಯಲ್ಲಿ ಎಲ್ಲರೂ ಇದ್ದಾರೆಂದು ಎಣಿಸಿ ಪಕ್ಕದ ಮನೆಗೆ ಓಡಿದರು, ಅಲ್ಲೂ ಬೀಗ. ಆಚೆ ದಂಡೆಯಲ್ಲಿ ಇನ್ನೂ ಕೆಟ್ಟದಾಯಿತು. ಈ ದಂಡೆ ಪೂರ್ತಿ ಸತ್ತಿದೆ ಎಂದುಕೊಂಡು ಅವರು ಸೂತಕದ ನೀರನ್ನು ತಲೆಗೆ ಹಾಕಿಕೊಂಡುಬಿಟ್ಟಿದ್ದರು. ನಾನು ಕಂಪನಿಗೆ ಬರೆದೆ, ಆ ಚಿತ್ರ ತೆಗೆಯಿರಿ, ಇಲ್ಲಿ ಹಾಗೆ ನಡೆಯುವುದಿಲ್ಲ ಎಂದು. ಬೀಗ ನಿಮ್ಮ ಸುರಕ್ಷತೆಯ ಗುರುತು, ತೆಗೆಯಲು ಬರುವುದಿಲ್ಲ ಎಂದು ಉತ್ತರ ಬಂತು. ಕೊನೆಯಲ್ಲಿ ಒಂದು ನಗುವ ಮುಖ ಹಾಕಿದ್ದರು. ಆ ನಗುವ ಮುಖ ಎದುರಿಗೆ ಸಿಕ್ಕಿದ್ದರೆ ನನ್ನ ಕೈಯಲ್ಲಿ ಏನಾಗುತ್ತಿತ್ತೋ.

ದಾರಿ ಹುಡುಕಿದವಳು ಶಶಿಕಲಾ. ಹಣೆಯ ಟಿಕಳಿ ಕಿತ್ತು ಫೋನಿನ ಗಾಜಿನ ಮೇಲೆ, ಸರಿಯಾಗಿ ಬೀಗದ ಚಿತ್ರದ ಮೇಲೆ ಅಂಟಿಸಿಬಿಟ್ಟಳು. ಬೀಗ ಮರೆಯಾಯಿತು, ಫೋನು ಮುತ್ತೈದೆ ಹಣೆಯ ಹಾಗೆ ಕಂಡಿತು. ಮಧ್ಯಾಹ್ನದೊಳಗೆ ಇಡೀ ಊರು ಅದನ್ನೇ ಮಾಡಿತು. ಆಚೆ ದಂಡೆಯಲ್ಲೂ ಮಾಡಿದರು. ಬಳೆ ಅಂಗಡಿಯಲ್ಲಿ ಟಿಕಳಿ ಮುಗಿದು ಹೋಯಿತು.

ಚಾಚಿ ನನ್ನ ಬಾಗಿಲಿಗೆ ಬಂದು, “ನಾ ಹಚ್ಚಿಕೊಳ್ಳಾಕಿ ಅಲ್ಲ, ನನ್ ಹತ್ರ ಎಲ್ಲಿಂದ ಬರಬೇಕು? ನಿಮ್ಮಕ್ಕಂದು ಒಂದಿದ್ರ ಕೊಡಪಾ,” ಎಂದಳು.

ಅಕ್ಕನ ಟಿಕಳಿಗಳು ಕನ್ನಡಿಯ ಅಂಚಿನಲ್ಲಿ ಇನ್ನೂ ಇದ್ದವು. ಮುಖ ತೊಳೆಯುವ ಮುಂಚೆ ತೆಗೆದು ಅಂಟಿಸುತ್ತಿದ್ದಳು, ಮತ್ತೆ ಹಚ್ಚಿಕೊಳ್ಳಲು. ಇಷ್ಟು ವರ್ಷ ಮುಟ್ಟಿರಲಿಲ್ಲ. ಎರಡನ್ನು ಉಗುರಿನಲ್ಲಿ ಎಬ್ಬಿಸಿದೆ. ಒಂದು ಚಾಚಿಯ ಫೋನಿಗೆ, ಒಂದು ನನ್ನದಕ್ಕೆ.

“ಹೊರಗ ಯಾರರೆ ಬಂದು ನಿಂತಾರೇನು ನೋಡಪಾ,” ಎಂದಳು. “ಹೆಸರ ಹೇಳಾಕ ನಾಚಿಕಿ ಪಡೂ ಮನಶ್ಯಾ ಅಂವ.”

“ಇಲ್ಲ ಚಾಚಿ.”

“ನೋಡದನ ಹೇಳ್ತಿಯಲ್ಲೋ.”

ನೋಡಿದೆ. ಯಾರೂ ಇರಲಿಲ್ಲ. ಆಕೆ ಪ್ರತಿದಿನ ಕೇಳಿದಳು. ನಾನು ಪ್ರತಿದಿನ ನೋಡಿದೆ. ಫೋನಿನ ಮುಂದೆ ಚಹಾ ಇಡುವುದನ್ನು ಆಕೆ ನಿಲ್ಲಿಸಲಿಲ್ಲ, ಕೆನೆ ಕಟ್ಟಿದ ಮೇಲೆ ತಾನೇ ಕುಡಿಯುತ್ತಿದ್ದಳು. ಊರಲ್ಲಿ ಬೇರೆಯವರೂ ಬಾಯಿ ಬಿಡದೆ ಏನೇನೋ ಮಾಡುತ್ತಿದ್ದರು. ಒಬ್ಬರು ತಟ್ಟುವ ಸದ್ದು ಬಂತೇನೋ ಎಂದು ಫೋನಿನ ಕಡೆ ಕಿವಿ ಕೊಟ್ಟು ಮಗ್ಗದ ಸದ್ದು ನಿಲ್ಲಿಸುತ್ತಿದ್ದರು. ಇನ್ನೊಬ್ಬರ ಮನೆಯಲ್ಲಿ ಮಕ್ಕಳು ಕದ ತಟ್ಟಿ ಆಡಿದರೆ ಏಟು ಬೀಳುತ್ತಿತ್ತು. ಯಾರೂ ಬಂದು ನನ್ನನ್ನು ಬೈಯಲಿಲ್ಲ. ಬಾಗಿಲು ಭದ್ರ ಮಾಡಿದವನನ್ನು ಏನೆಂದು ಬೈಯುತ್ತಾರೆ?

ನಾನು ರೊಟ್ಟಿಯ ತಾಟು ತಂದು ಫೋನಿನ ಎದುರು ಇಟ್ಟುಕೊಂಡರೆ ಟಿಕಳಿ ನನ್ನನ್ನೇ ನೋಡುತ್ತಿತ್ತು. ಒಂದು ದಿನ ತಾಟನ್ನು ಪಕ್ಕಕ್ಕೆ ಸರಿಸಿದೆ. ಹಾಗೇ ಎದ್ದು ಹೋಗಿ ಚಾವಡಿಯ ಸರ್ವರ್ ಕೋಣೆಯಲ್ಲಿ ಕೂತೆ. ಹಳೇ ಆವೃತ್ತಿಯ ಪ್ರತಿ ಕಪಾಟಿನಲ್ಲೇ ಇತ್ತು. ಹೊರಗೆ ಸಂತೆ ನಡೆದಿತ್ತು, ಪರದೆಯ ಮುಂದೆ ಯಾರೂ ಇರಲಿಲ್ಲ. ಹೊಸದನ್ನು ಕಿತ್ತು ಹಾಕಿ ಹಳೇದನ್ನು ಕೂರಿಸಿದೆ, ಬರೀ ನನ್ನ ಮನೆಗಲ್ಲ, ಎಲ್ಲರ ಮನೆಗೂ. ಅಡ್ಮಿನ್ ಪಾಸ್‌ವರ್ಡ್ ಒಂದನ್ನು ಮಾತ್ರ ಹೊಸದೇ ಇಟ್ಟೆ. ಉಳಿದ ತೂತು ಇದ್ದಂತೆಯೇ ಇರಲಿ ಎಂದು ಬಿಟ್ಟೆ. ಗಂಡಿನ ಕಡೆಯವರಂಥವರು ಮತ್ತೆ ನುಗ್ಗಬಹುದಿತ್ತು. ನುಗ್ಗಲಿ ಎನಿಸಿತು. ಕಳ್ಳನಾದರೂ ಸರಿ, ಯಾರಾದರೂ ಬರಲಿ.

ಊರಿಗೆ ಗೊತ್ತೇ ಆಗಲಿಲ್ಲ. ಬೀಗದ ಚಿತ್ರ ಹೋಗಿತ್ತು, ಆದರೆ ಅದರ ಮೇಲಿನ ಟಿಕಳಿಯನ್ನು ಕಿತ್ತು ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ಕಿತ್ತರೆ ಕೆಳಗೆ ಸಾವು ಇರುತ್ತದೆ ಎಂದೇ ಅವರ ನಂಬಿಕೆ. ಬಂದವರು ಹೆಸರು ಹೇಳದೆ ನೆಟ್ಟಗೆ ಒಳಗೆ ಬಂದರೆ, ಯಮನೂರ ಏನೋ ಸುಲಭ ಮಾಡಿದ್ದಾನೆ ಅಂದುಕೊಂಡರು. ನಾನು ಸರ್ವರ್ ಮುಂದೆ ಕೂತು ಪ್ರತಿ ಮನೆಯನ್ನೂ ಕಾದೆ. ಚಾಚಿಯ ಮನೆ, ಮಗ್ಗದವರ ಮನೆ, ಅಂದಾನೆಪ್ಪನವರ ಮನೆ, ನನ್ನ ಮನೆ. ಸಂತೆ ಬಂದು ಹೋಯಿತು, ಇನ್ನೊಂದು ಸಂತೆ ಬಂದು ಹೋಯಿತು. ಕಪ್ಪು ಚೌಕ ಯಾರ ಮನೆಗೂ ಬರಲಿಲ್ಲ. ಕಳ್ಳರೂ ಬರಲಿಲ್ಲ.

ಅಕ್ಕ ಹುಡುಗಿಯಾಗಿದ್ದಾಗ ಸೋದರಮಾವನ ಮನೆಯಲ್ಲಿ ಯಾರೋ ಅವಳ ಮುಖದ ಮೇಲೆ ಕದ ದೂಡಿದ್ದರಂತೆ. ಆ ಮನೆಯಲ್ಲಿ ಮಾವ ಸತ್ತಾಗಲೂ ಅವಳು ಹೊಸ್ತಿಲು ತುಳಿಯಲಿಲ್ಲ, ಹೊರಗಿನಿಂದಲೇ ಮುಖ ನೋಡಿ ಬಂದಳು. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಒತ್ತಿದೆ. ಅಕ್ಕನೋ, ಚಾಚಾನೋ, ನೀಲಮ್ಮನೋ, ಆ ಮೂಲೆಯಲ್ಲಿ ಕೂತಿದ್ದವರು ಯಾರೇ ಆಗಿರಲಿ, ಎರಡೂ ದಂಡೆಯ ಎದುರಿಗೆ ಅವರ ಮುಖದ ಮೇಲೆ ಕದ ಬಿದ್ದಿತ್ತು.

ಒಂದು ಸಂಜೆ ಚಾಚಿಯ ಅಂಗಡಿಯ ಬೆಂಚಿನ ಮೇಲೆ ಕೂತಿದ್ದೆ. ಕೆಲಸ ಮುಗಿಸಿ ಬಂದವರು ಏಳೆಂಟು ಜನ ಮಿರ್ಚಿಗೆ ಕಾಯುತ್ತಿದ್ದರು. ಅಂದಾನೆಪ್ಪನವರು ಬಂದರು. ಅವರು ಆ ಅಂಗಡಿಗೆ ಕಾಲಿಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಜನ ಜಾಗ ಬಿಟ್ಟುಕೊಟ್ಟರು. ಅವರು ನನ್ನ ಪಕ್ಕದಲ್ಲೇ ಕೂತರು. ಗಡ್ಡ ಬೆಳೆದಿತ್ತು.

“ಚಾ ಕೊಡ್ಲೇನ್ರಿ ಸಾವಕಾರ್ರ?” ಎಂದಳು ಚಾಚಿ.

“ಕೊಡವಾ.” ಕಪ್ ಹಿಡಿದರು, ಕುಡಿಯಲಿಲ್ಲ. “ಯಮನೂರಾ,” ಎಂದರು. ಯಾವತ್ತೂ ಹೆಸರು ಹಿಡಿದು ಕರೆದವರಲ್ಲ. ಲೇ ಎನ್ನುವುದೇ ಹೆಚ್ಚು. “ನಮ್ಮನಿಗೂ ಬರತಿತ್ತಪಾ ಅದು. ಯಾರ ಮುಂದೂ ಹೇಳಿದ್ದಿಲ್ಲ.”

ಚಾಚಿ ಬಾಣಲೆಯಿಂದ ತಲೆ ಎತ್ತಿದಳು.

“ಶಶಿಕಲಾ ಅಡಗಿ ಮಾಡೂಮುಂದ ಬಂದು ಕೂಡತಿತ್ತು. ಒಂದ ದಿನಾ ಹುಡುಗಿ ಸಾರಿಗೆ ಉಪ್ಪು ಹಾಕಿದ್ದು ಮರತು ಮತ್ತ ಹಾಕಾಕ ಹೋದಳು. ಕೆಮ್ಮಿತು. ಒಂದ ಸಲ, ಹಿಂಗ, ಸಣ್ಣಕ.” ಅವರು ಕೆಮ್ಮಿ ತೋರಿಸಿದರು. “ನೀಲಮ್ಮ ಹಂಗ ಕೆಮ್ಮತಿದ್ಲು, ನಾ ಮಂದ್ಯಾಗ ಹೆಚ್ಚಿಗಿ ಮಾತಾಡಿದ್ರ. ಆವತ್ತ ಚಾವಡ್ಯಾಗೂ ಕೆಮ್ಮಿರಬೇಕು. ನಂಗ ಕೇಳಿಸಲಿಲ್ಲ.”

ಅಂಗಿ ಜೇಬಿನಿಂದ ಫೋನು ತೆಗೆದು ನನ್ನ ಕಡೆ ಚಾಚಿದರು. ಗಾಜಿನ ಮೇಲೆ ಶಶಿಕಲಾಳ ಟಿಕಳಿ, ಮಾಸಿದ ಕೆಂಪು. ಒಂದು ಅಂಚು ಎದ್ದು ಅದರಲ್ಲಿ ಧೂಳು ಕೂತಿತ್ತು. ಉಗುರು ತಾಗಿಸಿದರೆ ಸಾಕು, ಉದುರುತ್ತಿತ್ತು.

“ನಮ್ಮನಿದೊಂದು ಬೀಗಾ ತಗೀ. ಕಳ್ಳರು ಬಂದ್ರ ಬರಲಿ, ಏನ್ ಕಳಕೊಳ್ಳೂದೈತಿ ಇನ್ನ. ಮಂದಿ ಮುಂದ ಬೈದಿದ್ದೆ, ಮಂದಿ ಮುಂದನ ಕೇಳಾಕತ್ತೇನಿ.”

ಚಾವಡಿಯ ಆ ದಿನದಿಂದ ಅವರಿಗಾಗಿ ಮಾತು ಮಸೆದಿಟ್ಟುಕೊಂಡಿದ್ದೆ. ಮಲಗುವಾಗ, ಕಂಬ ಹತ್ತುವಾಗ, ರೊಟ್ಟಿ ಬಡಿಯುವಾಗ ಮಸೆಯುತ್ತಿದ್ದೆ. ಈಗ ಅಷ್ಟೂ ಬೇಕಿರಲಿಲ್ಲ. ನಿಮ್ಮನೆಯ ಬೀಗ ಯಾವತ್ತೋ ತೆಗೆದಾಗಿದೆ ಎಂಬ ಒಂದೇ ಮಾತು ಸಾಕಿತ್ತು. ಅವರು ಅಲ್ಲೇ ಮುಗಿಯುತ್ತಿದ್ದರು. ಬೆಂಚಿನ ಮೇಲಿದ್ದವರೂ ಮುಗಿಯುತ್ತಿದ್ದರು, ಚಾಚಿಯೂ. ಬೀಗ ಇದೆ ಎನ್ನುವ ತನಕ ಬರದೇ ಇರುವುದಕ್ಕೆ ಒಂದು ಕಾರಣ ಇರುತ್ತದೆ. ಬಾಗಿಲ ಹೊರಗೆ ಯಾರೋ ನಿಂತಿರುತ್ತಾರೆ, ಬೈಯಲು ನಾನಿರುತ್ತೇನೆ.

ಚಾಚಿ ಜಾಲರಿ ಕೈಯಲ್ಲಿ ಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಬಾಣಲೆಯಲ್ಲಿ ಮಿರ್ಚಿ ಕಪ್ಪಾಗುತ್ತಿದ್ದವು. ಅವಳ ಹಿಂದೆ ಗೂಡಿನಲ್ಲಿ ಫೋನು, ಅದರ ಮುಂದೆ ಸಕ್ಕರೆ ಇಲ್ಲದ ಚಹಾ, ಗಾಜಿನ ಮೇಲೆ ನನ್ನ ಅಕ್ಕನ ಟಿಕಳಿ.

“ಏನರೆ ಅನ್ನಲೇ,” ಎಂದರು ಅಂದಾನೆಪ್ಪನವರು. “ಬೈಯಾದ್ರೂ ಬೈ.”

ಫೋನನ್ನು ಅವರ ಮಡಿಲಲ್ಲಿ, ಟಿಕಳಿ ಮೇಲೆ ಬರುವಂತೆ ಇಟ್ಟೆ. ಚಪ್ಪಲಿ ಮೆಟ್ಟಿಕೊಂಡು ಬೆಂಚು ಬಿಟ್ಟು ಓಣಿಗೆ ಇಳಿದೆ. ಬೋರಲು ಹಾಕಿದ ಹರಿಗೋಲುಗಳ ಕೆಳಗೆ ಕೋಳಿಗಳು ಗೂಡು ಸೇರುವ ಹೊತ್ತು. ಹಿಂದಿನಿಂದ ಅವರು ನನ್ನ ಹೆಸರು ಹಿಡಿದು ಕರೆದರು, ಮತ್ತೊಮ್ಮೆ ಕರೆದರು. ನಾನು ನಡೆಯುತ್ತಲೇ ಇದ್ದೆ.